ಹೋಗು ಅನ್ನುವವರೆಗೆ

ಬೀದಿಯವರೆಲ್ಲ ಅವಳನ್ನು ತೂಕದಕ್ಕ ಎನ್ನುತ್ತಿದ್ದರು. ಮೈಯಲ್ಲಿ ತೂಕವಿತ್ತು ಅಂತಲ್ಲ. ಗಾಳಿ ಕೊಂಚ ಜೋರಾಗಿ ಬೀಸಿದರೆ ಬಾಗಿಲು ಹಿಡಿದು ನಿಲ್ಲಬೇಕು, ಅಷ್ಟು ಸಣಕಲು ಜೀವ. ಗಂಡನ ತಕ್ಕಡಿ ರಿಪೇರಿ ಅಂಗಡಿಯ ಗಲ್ಲೆಯ ಮುಂದೆ ಮೂವತ್ತು ವರ್ಷ ಕೂತದ್ದಕ್ಕೆ ಅಂಟಿಕೊಂಡ ಹೆಸರು. ತರಕಾರಿಯವರು, ದಿನಸಿಯವರು, ಹಳೇ ಪೇಪರು ಕೊಳ್ಳುವವರು, ಎಲ್ಲರ ತಕ್ಕಡಿಯ ಹುಳುಕೂ ಅವಳಿಗೆ ಗೊತ್ತು. ಅವಳ ಮುಂದೆ ಸುಳ್ಳು ಹೇಳಲು ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದರು.

ಆ ಭಾನುವಾರ ಸಂಜೆ ಅವಳ ಗಂಡ, ತಕ್ಕಡಿ ಮೇಸ್ತ್ರಿ, ಬಾಡಿಗೆ ಕಾರಿನಿಂದ ಇಳಿದಾಗ ಹಿಂದೆಯೇ ಇನ್ನೊಬ್ಬರು ಇಳಿದರು. ಹಿಡಿಯಷ್ಟಿದ್ದ ಮನುಷ್ಯ, ಬೆನ್ನು ಮಾತ್ರ ನೆಟ್ಟ ಕಂಬದ ಹಾಗೆ. ಕೈಯಲ್ಲಿ ಒಂದು ಚೀಲ. ಬಲಗಾಲಿನ ಬೂಟು ಬಾಯಿ ಬಿಟ್ಟಿತ್ತು.

"ಇವನೇ ಕಹಳೆ," ಅಂದರು ಮೇಸ್ತ್ರಿ. "ನಾನು ಹೇಳ್ತಿರ್ತೀನಲ್ಲ, ನಮ್ಮ ಪಡೇಲಿ ಬೆಳಗ್ಗೆ ಕಹಳೆ ಊದಿ ಎಬ್ಬಿಸ್ತಿದ್ದವನು. ಇನ್ಮೇಲೆ ಇಲ್ಲೇ ಇರ್ತಾನೆ."

ಹೇಳ್ತಿರ್ತೀನಿ ಅನ್ನುವುದು ಬರೀ ಬಾಯಿಮಾತು. ಮದುವೆಯಾದಾಗಿನಿಂದ ಹುಡುಗರ ಪಡೆಯ ಬಗ್ಗೆ ಅವರು ತುಟಿ ಬಿಚ್ಚಿದ್ದೇ ಅಪರೂಪ. ಅವಳಿಗೆ ಗೊತ್ತಿದ್ದದ್ದು ಇಷ್ಟು: ಆ ಕಾಲದಲ್ಲಿ ಸೈನ್ಯದಲ್ಲಿ ಮೀಸೆ ಮೂಡದ ಹುಡುಗರದೇ ಒಂದು ಪಡೆ ಇತ್ತು. ಹದಿನಾಲ್ಕಕ್ಕೆ ಸೇರಿಸಿಕೊಂಡು, ಓದು, ಕಸುಬು, ಕವಾಯತು ಕಲಿಸಿ, ಹದಿನೇಳಾದ ಮೇಲೆ ದೊಡ್ಡವರ ಸೈನ್ಯಕ್ಕೆ ದಾಟಿಸುತ್ತಿದ್ದರು. ಮೇಸ್ತ್ರಿ ಅಲ್ಲಿ ಒಂದು ಗುಂಪಿಗೆ ಲೀಡರ್ ಆಗಿದ್ದರು. ಸೈನ್ಯ ಬಿಟ್ಟು ತಕ್ಕಡಿ ಕೆಲಸಕ್ಕೆ ಬಂದ ಮೇಲೆ ಆ ಹುಡುಗರ ಮುಖ ನೋಡಿರಲಿಲ್ಲ. ಈಗ ಯಾರೋ ಫೋನಿನಲ್ಲಿ ಹುಡುಕಿ ಹುಡುಕಿ ಎಲ್ಲರನ್ನೂ ಗುಡ್ಡೆ ಹಾಕಿ, ಹಳೇ ಶಿಬಿರದ ಊರಿನಲ್ಲಿ ಒಂದು ದಿನದ ಕೂಟ ಇಟ್ಟಿದ್ದರು. ಎದೆಯ ಆಪರೇಷನ್ ಆದ ಮೇಲೆ ಮೂಲೆ ಹಿಡಿದು ಕೂತಿದ್ದ ಗಂಡನನ್ನು ಅವಳೇ ಬಲವಂತ ಮಾಡಿ ಕಳಿಸಿದ್ದಳು. ಒಂದು ಡಬ್ಬಿ ಮಾತ್ರೆ ಕೊಟ್ಟು ಕಳಿಸಿದ್ದಕ್ಕೆ ಈಗ ಒಬ್ಬ ಮನುಷ್ಯನೇ ವಾಪಸು ಬಂದಿದ್ದ.

"ಬನ್ನಿ ಅಣ್ಣ," ಅಂದಳು. "ಜಾಗಕ್ಕೇನು, ಇದೆ."

ಜಾಗ ಇರಲಿಲ್ಲ. ಬೀದಿಗೆ ಅಂಗಡಿ, ಅದರ ಹಿಂದೆ ನಡುಮನೆ, ಅಡುಗೆಮನೆ, ಮಲಗುವ ಕೋಣೆಗಳು ಎರಡು. ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ತಾರಸಿಯ ಮೇಲೆ ಒಂದು ಕೋಣೆ. ಆ ಕೋಣೆ ಸೊಸೆಯದು ಎಂದು ತೀರ್ಮಾನವಾಗಿ ಆರು ತಿಂಗಳಾಗಿತ್ತು. ಅವಳು ಆಸ್ಪತ್ರೆಯಲ್ಲಿ ಮಂಡಿ, ಸೊಂಟ, ಭುಜ ಹಿಡಿದುಕೊಂಡವರಿಗೆ ವ್ಯಾಯಾಮ ಮಾಡಿಸಿ ನೋವು ಬಿಡಿಸುವವಳು. ಹೋಗುತ್ತ ಒಂದು ಗಂಟೆ, ಬರುತ್ತ ಒಂದು ಗಂಟೆ ಬಸ್ಸಿನಲ್ಲಿ ನಿಂತು ಅವಳದೇ ಸೊಂಟ ಹೋಗಿತ್ತು. ಮನೆಯಲ್ಲೇ ಸ್ವಂತ ಚಿಕಿತ್ಸೆ ಶುರು ಮಾಡು, ಮೇಲಿನ ಕೋಣೆ ಕೊಡ್ತೀನಿ ಎಂದು ಮೇಸ್ತ್ರಿಯೇ ಹೇಳಿದ್ದರು. ಅವಳು ಅದನ್ನು ನಂಬಿ ರಾಜೀನಾಮೆ ಕೊಟ್ಟಿದ್ದಳು. ಚಿಕಿತ್ಸೆಯ ಮಂಚಕ್ಕೆ ಮುಂಗಡವೂ ಹೋಗಿತ್ತು.

"ಮೇಲಿನ ಕೋಣೇಲಿ ಕಹಳೆ ಇರ್ತಾನೆ," ಅಂದರು ಮೇಸ್ತ್ರಿ ರಾತ್ರಿಯ ಊಟಕ್ಕೆ ಕೂತಾಗ, ತರಕಾರಿ ಬಡಿಸಿಕೊಳ್ಳುತ್ತ.

"ಎಷ್ಟು ದಿನ ಮಾವ?" ಅಂದಳು ಸೊಸೆ.

"ಇರೋವರೆಗೆ."

ಮಗ ತಟ್ಟೆಯಿಂದ ತಲೆ ಎತ್ತಿದ. "ಅಪ್ಪ, ಬರೋ ಒಂದನೇ ತಾರೀಖಿಗೆ ಅವಳು ಶುರು ಮಾಡ್ಬೇಕು."

"ಮಾಡ್ಲಿ. ಬೇರೆ ಎಲ್ಲಾದ್ರೂ ಮಾಡಿದ್ರಾಯ್ತು."

"ಎಲ್ಲಿ ಮಾವ, ಅಡುಗೆಮನೇಲಾ? ಒಲೆ ಪಕ್ಕ ಮಲಗಿಸಿ ಕಾಲು ಎಳೀಲಾ?"

ಕಹಳೆ ಅಷ್ಟರಲ್ಲಿ ಊಟ ಮುಗಿಸಿ ಎದ್ದಿದ್ದರು. ಉಳಿದವರು ಅನ್ನ ಕಲಸಿ ಎರಡು ತುತ್ತು ತಿನ್ನುವುದರೊಳಗೆ ಅವರ ತಟ್ಟೆ ಬರಿದು. ಹಿತ್ತಲಿನ ನಲ್ಲಿಯ ಕೆಳಗೆ ತಟ್ಟೆ ತಿಕ್ಕುವ ಸದ್ದು ಕೇಳಿತು. ತಟ್ಟೆಯಾದ ಮೇಲೆ ಮಧ್ಯಾಹ್ನದ ಪಾತ್ರೆಗಳದೂ.

"ಅವನ ಬೂಟು ನೋಡಿದ್ರಾ?" ಮೇಸ್ತ್ರಿ ದನಿ ಇಳಿಸಿದರು. "ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಒಬ್ಬನೇ ಇರ್ತಾನಂತೆ. ನನ್ನ ಗುಂಪಿನ ಹುಡುಗ. ಬೀದೀಲಿ ಬಿಟ್ಟು ಬರ್ಲಾ?"

ಹುಡುಗನಿಗೆ ಅರವತ್ತನಾಲ್ಕು. ಸೊಸೆಗೆ ನಗು ಬಂತೇನೋ, ನೀರು ಕುಡಿದು ನುಂಗಿಕೊಂಡಳು.

ಮರುದಿನದಿಂದ ಮನೆಯ ಗಡಿಯಾರವೇ ಬದಲಾಯಿತು. ಬೆಳಗ್ಗೆ ಐದಕ್ಕೆ ಇಬ್ಬರೂ ಎದ್ದು ತಾರಸಿಯ ಮೇಲೆ ಕೈಕಾಲು ಬೀಸುತ್ತಿದ್ದರು. ಐದೂವರೆಗೆ ಕಂಬಳಿ ಮಡಿಸುವುದು: ಒಬ್ಬರು ಈ ತುದಿ, ಒಬ್ಬರು ಆ ತುದಿ, ಎಳೆದು ಜಾಡಿಸಿ, ನಡೆದು ಬಂದು ಮೂಲೆಗೆ ಮೂಲೆ ಕೂಡಿಸಿ, ಇಟ್ಟಿಗೆಯಂಥ ಚೌಕ. ಮೊದಲು ತಮ್ಮದು, ಆಮೇಲೆ ಮನೆಯವರದೆಲ್ಲ. ಸೊಸೆ ಒಂದು ದಿನ ಹಲ್ಲುಜ್ಜಿ ಬರುವಷ್ಟರಲ್ಲಿ ಅವಳು ಮತ್ತೆ ಹೊದ್ದು ಹತ್ತು ನಿಮಿಷ ಮಲಗಬೇಕೆಂದಿದ್ದ ಹೊದಿಕೆ ಚೌಕವಾಗಿ ಕೂತಿತ್ತು.

"ಅತ್ತೆ, ಇದು ಮನೇನೋ ಶಿಬಿರಾನೋ?"

"ಮಡಿಸೋ ಕೆಲಸ ತಪ್ಪಿತಲ್ಲ, ಬಿಡು."

"ನಿಮಗೇನು, ನಿಮ್ಮ ಕೋಣೆ ನಿಮಗಿದೆ."

ಸೊಸೆಯ ಮಾತು ನ್ಯಾಯವಾದದ್ದು. ಆದರೆ ಗಂಡ ನಗುತ್ತಿದ್ದರು. ಆಪರೇಷನ್ ಆದ ಮೇಲೆ ಮಗ ಅಂಗಡಿ ವಹಿಸಿಕೊಂಡಿದ್ದ. ಈಗಿನ ತಕ್ಕಡಿಗಳಿಗೆ ವೈರು, ಬ್ಯಾಟರಿ, ಅಂಕಿ ಹೊಳೆಯುವ ಗಾಜು. ಮೇಸ್ತ್ರಿ ಬೀದಿ ಕಡೆಯ ಅರ್ಧ ಅಂಗಡಿಯಲ್ಲಿ, ಯಾರೂ ವಾಪಸು ಒಯ್ಯದ ಹಳೇ ತಕ್ಕಡಿಗಳ ನಡುವೆ ಸುಮ್ಮನೆ ಕೂತಿರುತ್ತಿದ್ದರು. ಕೇಳಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಅಂಥವರು ಈಗ ಊಟದ ನಡುವೆ ಕಥೆ ಹೇಳುತ್ತಿದ್ದರು. ತೊಡೆ ಮುಚ್ಚುವ ಚಡ್ಡಿ ಮೊಣಕಾಲಿಗೆ ಬರುತ್ತಿದ್ದ ಕಥೆ. ಟೋಪಿ ಜಾರಿ ಕಣ್ಣು ಮುಚ್ಚಿ, ಸಾಲಿನಲ್ಲಿ ಒಬ್ಬ ಎಡಕ್ಕೆ ತಿರುಗಿ ಉಳಿದವರು ಬಲಕ್ಕೆ ಹೋದ ಕಥೆ. ಕಹಳೆ ಕಡಿಮೆ ಮಾತಿನವರು. ಮೇಸ್ತ್ರಿ ತಪ್ಪಿದಲ್ಲಿ ಮಾತ್ರ ಸೇರಿಸುತ್ತಿದ್ದರು.

"ಅವತ್ತು ನೀನು ಬೇಲಿ ಹಾರಿದ್ದು ಬಾಳೆಹಣ್ಣಿಗೆ."

"ಹಲಸಿಗೆ."

"ಬಾಳೆ ಕಣೋ."

"ಲೀಡರ್, ಬಾಳೆಹಣ್ಣಾಗಿದ್ರೆ ಅಂಟು ಎಲ್ಲಿಂದ ಬರ್ತಿತ್ತು? ಮೂರು ದಿನ ನನ್ನ ಬೆರಳು ಬಿಡಿಸೋಕಾಗ್ಲಿಲ್ಲ."

ಗಂಡನ ನಗುವಿಗೆ ಎದೆಯ ಹೊಲಿಗೆ ನೋಯುತ್ತಿತ್ತು. ಕೈ ಒತ್ತಿಕೊಂಡೇ ನಗುತ್ತಿದ್ದರು. ತೂಕದಕ್ಕ ಒಲೆಯ ಮುಂದೆ ನಿಂತು ಆ ನಗುವನ್ನು ಒಂದು ತಟ್ಟೆಯಲ್ಲೂ ಸೊಸೆಯ ಮುಖವನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ನೋಡುತ್ತಿದ್ದಳು. ಮುಳ್ಳು ಎತ್ತಲೂ ನಿಲ್ಲುತ್ತಿರಲಿಲ್ಲ.

ಎರಡನೇ ವಾರದಲ್ಲಿ ಚಿಕಿತ್ಸೆಯ ಮಂಚ ಬಂತು. ಬೇಡ ಎಂದರೆ ಮುಂಗಡ ಮುಳುಗುತ್ತದೆ; ಮೇಲೆ ಒಯ್ಯಲು ಅಲ್ಲಿ ಕಹಳೆ. ನಡುಮನೆಯಲ್ಲಿ ಇಳಿಸಿದರು. ಎತ್ತರದ ಕಬ್ಬಿಣದ ಮಂಚ, ಮೇಲೆ ನೀಲಿ ರೆಕ್ಸಿನ್ನು. ಊಟದ ಮೇಜು ಗೋಡೆಗೆ ಸರಿದು, ಮಗ ನಿಂತುಕೊಂಡು ತಿನ್ನಬೇಕಾಯಿತು.

"ಕಹಳೆ ಅಂಕಲ್, ನಿಮಗೆ ಮಂಡಿ ನೋವಿದ್ರೆ ಹೇಳಿ," ಅಂದಳು ಸೊಸೆ, ನೀಲಿ ಮಂಚದ ಮೇಲೆ ಬೇಳೆಯ ಪಾತ್ರೆ ಇಡುತ್ತ. "ಊಟ ಆದ್ಮೇಲೆ ಇಲ್ಲೇ ನೋಡ್ಬಿಡ್ತೀನಿ."

"ನೋವಿಲ್ಲಮ್ಮ," ಅಂದರು ಅವರು. ಪಾತ್ರೆಯ ಕೆಳಗೆ ಒಂದು ಬಟ್ಟೆ ಮಡಿಸಿ ಹಾಕಿದರು, ರೆಕ್ಸಿನ್ನು ಸುಡದಂತೆ.

ಆ ವಾರ ಅಂಗಡಿಗೆ ಕೆಲಸ ಜಾಸ್ತಿ. ವರ್ಷಕ್ಕೊಮ್ಮೆ ಮಾರುಕಟ್ಟೆಯ ತಕ್ಕಡಿಗಳಿಗೆಲ್ಲ ಮಾಪನ ಕಚೇರಿಯವರು ಮುದ್ರೆ ಹಾಕುವ ಕಾಲ. ಅದಕ್ಕೆ ಮುಂಚೆ ಎಲ್ಲರೂ ತಂದು ಸರಿಮಾಡಿಸಿಕೊಳ್ಳುತ್ತಾರೆ. ಅಂಗಡಿಯ ಕಪಾಟಿನಲ್ಲಿ ಮಖಮಲ್ಲಿನ ಪೆಟ್ಟಿಗೆಯೊಂದಿತ್ತು. ಒಳಗೆ ಹಿತ್ತಾಳೆಯ ತೂಕದ ಬಟ್ಟುಗಳು, ದೊಡ್ಡದರಿಂದ ಚಿಕ್ಕದರವರೆಗೆ. ಉಳಿದ ತಕ್ಕಡಿಗಳೆಲ್ಲ ಸರಿಯೋ ತಪ್ಪೋ ಎಂದು ಹೇಳುವುದು ಆ ಬಟ್ಟುಗಳು. ಮುಟ್ಟುವುದಾದರೆ ಇಕ್ಕಳದಿಂದ. ಕಪ್ಪಾದರೂ ಉಜ್ಜುವಂತಿಲ್ಲ. ಮಗ ಏಳು ವರ್ಷದವನಿದ್ದಾಗ ಬರಿಗೈಲಿ ಒಂದು ಬಟ್ಟು ಎತ್ತಿದ್ದಕ್ಕೆ ಮೇಸ್ತ್ರಿ ಅವನನ್ನು ಅರ್ಧ ದಿನ ಬಾಗಿಲಾಚೆ ನಿಲ್ಲಿಸಿದ್ದರು.

ಗುರುವಾರ ಮಗ ಹೊರಗಿನ ಕೆಲಸ ಮುಗಿಸಿ ಬಂದಾಗ ಬಟ್ಟುಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು, ಎತ್ತರದ ಪ್ರಕಾರ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕೋರೈಸುವ ಹೊಳಪು. ಪಕ್ಕದಲ್ಲಿ ಇಟ್ಟಿಗೆ ಪುಡಿ, ಹಿಂಡಿದ ನಿಂಬೆಹೋಳು, ಕಪ್ಪಾದ ಚಿಂದಿ ಬಟ್ಟೆ. ಮೇಸ್ತ್ರಿ ಮತ್ತು ಕಹಳೆ ಎದುರುಬದುರು ಕೂತು ಕೊನೆಯ ಬಟ್ಟಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದರು.

"ತಪಾಸಣೆ ಅಂದ್ರೆ ಹಿತ್ತಾಳೆ ಹೊಳೀಬೇಕು," ಅಂದರು ಮೇಸ್ತ್ರಿ, ಹಿಗ್ಗಿನಿಂದ. "ಗುಂಡಿ, ಬಕಲ್ಲು, ಇವನ ಕಹಳೆ. ಒಂದು ಮಚ್ಚೆ ಇದ್ರೂ ಮೈದಾನ ಮೂರು ಸುತ್ತು."

ಮಗ ಇಕ್ಕಳ ತೆಗೆದುಕೊಂಡ. ಇನ್ನೂರು ಗ್ರಾಮಿನ ಬಟ್ಟನ್ನು ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯ ಮೇಲಿಟ್ಟ. ಅಂಕಿಗಳು ಓಡಾಡಿ ನಿಂತವು. ಇನ್ನೂರಕ್ಕೆ ಒಂದು ಚಿಟಿಕೆ ಕಡಿಮೆ. ತರಕಾರಿ ಅಂಗಡಿಗೆ ಅದು ಲೆಕ್ಕವೇ ಅಲ್ಲ. ಚಿನ್ನದ ಅಂಗಡಿಗೆ, ಔಷಧಿ ಅಂಗಡಿಗೆ ಲೆಕ್ಕ. ಮಗನ ಗಿರಾಕಿಗಳಲ್ಲಿ ಅರ್ಧ ಜನ ಅಂಥವರು.

"ಅಪ್ಪ, ಇದು ಎಲ್ಲಿ ಹೋಯ್ತು ಹೇಳು." ಬೆರಳು ಅಂಕಿಯ ಮೇಲಿತ್ತು. "ಆ ಚಿಂದಿ ಬಟ್ಟೇಲಿದೆ. ಹಿಂಡಿ ವಾಪಸು ತರ್ತೀಯಾ?"

ಮೇಸ್ತ್ರಿ ಕೈಯಲ್ಲಿದ್ದ ಬಟ್ಟನ್ನು ಕೆಳಗಿಟ್ಟರು. ಮುಖದ ಹಿಗ್ಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮರೆತೇ ಹೋಯ್ತು ಕಣೋ."

"ನೀನೇ ಕಲಿಸಿದ್ದು ನನಗೆ."

"ತಪ್ಪು ನಂದು," ಅಂದರು ಕಹಳೆ, ಎದ್ದು ನಿಂತು, ಕೈಗಳನ್ನು ತೊಡೆಗೆ ಅಂಟಿಸಿಕೊಂಡು. "ಉಜ್ಜೋಣ ಅಂದವನು ನಾನು."

"ಅಂಕಲ್, ನೀವು ಕೂತ್ಕೊಳ್ಳಿ. ನಿಮಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು."

ಮುದ್ರೆಯ ಕಾಲದಲ್ಲಿ ಎರಡು ವಾರ ಚಿನ್ನದಂಗಡಿಯ ಕೆಲಸ ನಿಂತಿತು. ಬಟ್ಟುಗಳನ್ನು ಮತ್ತೆ ಸರಿಪಡಿಸಿಕೊಡುವವರಿಗೆ ಕಳಿಸಬೇಕಾಯಿತು. ಅದಕ್ಕಿಂತ ದೊಡ್ಡದು, ಮಗನ ಬಾಯಿಂದ ಅಲ್ಲಿಯವರೆಗೆ ಬಾರದಿದ್ದ ಮಾತು ಶನಿವಾರ ಊಟದ ಹೊತ್ತಿಗೆ, ಕಹಳೆ ತಟ್ಟೆ ತಿಕ್ಕಲು ಹಿತ್ತಲಿಗೆ ಹೋದ ಮೇಲೆ ಬಂತು.

"ಮಾರುಕಟ್ಟೆ ಆಚೆ ಒಂದು ಮನೆ ನೋಡಿದ್ದೀವಿ. ಮುಂದೆ ಒಂದು ಕೋಣೆ, ಹಿಂದೆ ನಾವಿಬ್ಬರು ಇರೋಷ್ಟು ಜಾಗ. ಇವಳು ಅಲ್ಲೇ ಶುರು ಮಾಡ್ತಾಳೆ."

"ನೀವು ಅಲ್ಲಿ, ನಾವು ಇಲ್ಲೇನಾ?" ಅಂದಳು ತೂಕದಕ್ಕ.

"ಅಂಗಡಿಗೆ ದಿನಾ ಬರ್ತೀನಮ್ಮ."

"ಅಂಗಡಿಗೆ ಗಿರಾಕೀನೂ ಬರ್ತಾನೆ."

ಸೊಸೆ ಅತ್ತೆಯ ತಟ್ಟೆಗೆ ಒಂದು ಮೊಟ್ಟೆ ಬಡಿಸಿದಳು. "ಅತ್ತೆ, ನನಗೂ ಇಷ್ಟ ಇಲ್ಲ. ಆದರೆ ಆಸ್ಪತ್ರೆಯವರು ನನ್ನ ಜಾಗಕ್ಕೆ ಬೇರೆಯವರನ್ನ ತಗೊಂಡಾಯ್ತು. ಈಗ ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂದ್ರೆ ನಾನೇನು ಮಾಡ್ಲಿ?"

ಮೇಸ್ತ್ರಿ ತಟ್ಟೆ ನೋಡುತ್ತ ಕೂತಿದ್ದರು. "ಗುಂಪಿನವನನ್ನ ಹೊರಗೆ ಹಾಕೋಕೆ ನನ್ನ ಕೈಲಿ ಆಗಲ್ಲ," ಅಂದರು ಕೊನೆಗೆ. ಅಷ್ಟೇ.

ಸೋಮವಾರ ಮಧ್ಯಾಹ್ನ ತೂಕದಕ್ಕ ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ನೀರಿನ ತೊಟ್ಟಿಯ ಹಿಂದಿನಿಂದ ದನಿ ಬರುತ್ತಿತ್ತು.

"ಎರಡನೇ ಸಾಲಿನ ನಡುವೆ ಉಸಿರು ತಗೋಬೇಡ್ರೋ. ಮೊದಲೇ ತುಂಬ್ಕೊಳ್ಳಿ. ಕೇಳಿ, ತಾ, ತತಾ, ತಾಆ... ಅಲ್ಲಿ ಬಿಡೋದು. ಈಗ ದಪ್ಪ ಕಹಳೆಯವನು ಒಬ್ಬನೇ ಊದು."

ಫೋನಿನಿಂದ ಕೋಣ ಕೆಮ್ಮಿದಂಥ ಸದ್ದು ಬಂತು. ಆಮೇಲೆ ಒಂದು ಎಳೆಯ ದನಿ: "ತಾತ, ಸ್ಪರ್ಧೆ ಹತ್ರ ಬಂತು. ಯಾವಾಗ ಬರ್ತೀರ?"

"ಬರ್ತೀನಿ. ಇಲ್ಲಿ ಸ್ವಲ್ಪ ಡ್ಯೂಟಿ ಇದೆ."

ತೂಕದಕ್ಕ ಒದ್ದೆ ಬಟ್ಟೆಯ ಬುಟ್ಟಿ ಕೆಳಗಿಟ್ಟಳು. ಕಹಳೆ ಫೋನು ಜೇಬಿಗೆ ಹಾಕಿ ಈಚೆ ಬಂದವರು ಅವಳನ್ನು ಕಂಡು ನಿಂತರು.

"ಯಾರಣ್ಣ ಅದು?"

"ನಮ್ಮೂರ ಶಾಲೆ ಮಕ್ಕಳು. ಬ್ಯಾಂಡ್ ಕಲಿಸ್ತೀನಿ. ತೊಂದರೆ ಆಯ್ತಾ ಅತ್ತಿಗೆ?"

"ಮನೆ ಇದೆಯಾ ನಿಮಗೆ?"

"ಇದೆ. ಹಿಂದೆ ತರಕಾರಿ ಬೆಳೀತೀನಿ. ಈಗ ನೀರು ಪಕ್ಕದವರು ಹಾಕ್ತಿದ್ದಾರೆ."

"ಮತ್ತೆ ಆ ಬೂಟು?"

ಕಹಳೆ ಕಾಲ ಕಡೆ ನೋಡಿಕೊಂಡರು. "ಕೂಟದ ದಿನ ಬಸ್ಸಿಗೆ ಹೊತ್ತಾಯ್ತು ಅಂತ ತೋಟದಲ್ಲಿ ಹಾಕೋ ಬೂಟೇ ಮೆಟ್ಕೊಂಡು ಬಂದ್ಬಿಟ್ಟೆ. ಒಳ್ಳೇದು ಮನೇಲಿದೆ."

ತೂಕದಕ್ಕ ಒಂದು ಹೊದಿಕೆ ಎತ್ತಿಕೊಂಡಳು. ಅವರು ತಾವಾಗಿಯೇ ಬಂದು ಇನ್ನೊಂದು ತುದಿ ಹಿಡಿದರು. ಇಬ್ಬರೂ ಹಿಂಡಿದರು.

"ಹಾಗಾದ್ರೆ ಇಲ್ಲಿ ಯಾಕಿದ್ದೀರಿ?" ಅಂದಳು. "ತಪ್ಪು ತಿಳೀಬೇಡಿ. ಹೊರಡಿ ಅಂತ ಅಲ್ಲ."

"ಲೀಡರ್ ಇರು ಅಂದ. ಅವನಿಗೆ ಎದೆ ಕೊಯ್ದಿದ್ದಾರೆ, ಮಂಕಾಗಿದ್ದಾನೆ ಅಂತ ಕೂಟದಲ್ಲಿ ಹೇಳಿದ್ರು. ನಡಿ ನಮ್ಮನೆಗೆ ಅಂದಾಗ, ಜೊತೆಗೆ ಯಾರಾದ್ರೂ ಬೇಕಾಗಿದೆ ಅಂದ್ಕೊಂಡೆ. ಹೋಗು ಅನ್ನೋವರೆಗೆ ಹೋಗೋದು ಹೇಗೆ?"

"ಅವರು ನಿಮಗೆ ದಿಕ್ಕಿಲ್ಲ ಅಂದ್ಕೊಂಡು ಕರ್ಕೊಂಡು ಬಂದಿದ್ದಾರೆ."

ಹಿಂಡುತ್ತಿದ್ದ ಕೈ ನಿಂತಿತು. ಹೊದಿಕೆಯಿಂದ ನೀರು ಅವರ ಬೂಟಿನ ಮೇಲೆ ತೊಟ್ಟಿಕ್ಕಿತು.

"ನಾನು ಹಾಗೆ ಹೇಳ್ಲೇ ಇಲ್ಲ."

"ಅವರೂ ಕೇಳ್ಲಿಲ್ಲ. ನೀವು ಮನೆಗೆ ಹೋಗ್ಬೇಕು ಅಂತ ಯಾಕೆ ಹೇಳ್ಬಾರದು?"

"ಅದನ್ನ ನಾವು ಮಾತಾಡಲ್ಲ ಅತ್ತಿಗೆ." ಕಹಳೆ ಹೊದಿಕೆಯನ್ನು ಹಗ್ಗದ ಮೇಲೆ ಹರಡಿ, ಅಂಚುಗಳನ್ನು ಸಮ ಮಾಡುತ್ತ ನಿಂತರು. ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದಂತೆ ಕಂಡಿತು. "ಯುದ್ಧ ಬಂತಲ್ಲ, ಆ ವರ್ಷ ದೊಡ್ಡವರೆಲ್ಲ ಹೋಗಿದ್ರು. ಗಾಯ ಆದವರ ರೈಲು ಬಂದ್ರೆ ಇಳಿಸಿಕೊಳ್ಳೋಕೆ ನಾವೇ, ಹುಡುಗರು. ಒಂದು ಡೋಲಿಗೆ ನಾಲ್ಕು ಜನ. ನನ್ನ ಕೈ ಮೇಲೆ ಬರ್ತಿರಲಿಲ್ಲ, ಕುಳ್ಳ ನಾನು; ಡೋಲಿ ನನ್ನ ಕಡೆ ವಾಲ್ತಿತ್ತು. ಲೀಡರ್ ನನ್ನ ಮೂಲೇನೂ ಒಂದು ಕೈಲಿ ಹಿಡ್ಕೊಂಡು ನಡೀತಿದ್ದ. ಅಂಥದೇ ಒಂದು ದಿನ, ಮಲಗೋ ಹೊತ್ತಿಗೆ, ಯಾವನೋ ಪಕ್ಕದವನನ್ನ ಕೇಳ್ದ, ಮನೆಗೆ ಹೋಗ್ಬೇಕೇನೋ ಅಂತ. ಅವನು ಅತ್ತ. ಅವನ ಪಕ್ಕದವನು ಅತ್ತ. ಇಡೀ ಸಾಲು. ಬೆಳಗ್ಗೆ ನನ್ನ ತುಟಿ ಊದಿ ಕಹಳೆ ಹಿಡೀಲೇ ಇಲ್ಲ. ಅವತ್ತು ಲೀಡರ್ ರೂಲು ಮಾಡ್ದ: ಆ ಮಾತು ಯಾರೂ ಯಾರನ್ನೂ ಕೇಳೋ ಹಾಗಿಲ್ಲ."

"ಆಗ ಅವರಿಗೆ ಎಷ್ಟು ವಯಸ್ಸು?"

"ಹದಿನೈದು."

"ಹದಿನೈದರ ಹುಡುಗ ಮಾಡಿದ ರೂಲು, ನನ್ನ ಸೊಸೆ ಕೋಣೆ ತಿಂತಾ ಇದೆ ನೋಡಿ."

ಕಹಳೆ ನಕ್ಕರು, ಆಮೇಲೆ ಗಂಭೀರವಾದರು. "ಕೋಣೆ ಅವರದಾ? ಮೇಲೆ ಯಾರೂ ಇರಲ್ಲ ಅಂದಿದ್ನಲ್ಲ."

ಮೊದಲ ದಿನ ನಲ್ಲಿಯ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಯಾರೂ ಅವರೆದುರು ಆ ಮಾತೆತ್ತಿರಲಿಲ್ಲ, ಮರ್ಯಾದೆಯ ಮನೆ.

ತೂಕದಕ್ಕ ಕೆಳಗಿಳಿಯುತ್ತ ಯೋಚಿಸಿದಳು. ಇದನ್ನೆಲ್ಲ ಗಂಡನಿಗೆ ಹೇಳಿಬಿಡುವುದು ಸುಲಭ. ಹೇಳಿದರೆ ಅವರು ನಾಚಿಕೊಂಡು "ನೀನಿನ್ನು ಹೊರಡು" ಎಂದು ಇನ್ನೊಂದು ಆರ್ಡರು ಕೊಡುತ್ತಾರೆ. ಕಹಳೆ ಸೆಲ್ಯೂಟ್ ಹೊಡೆದು ಹೊರಡುತ್ತಾರೆ. ಅಲ್ಲಿಗೆ ಐವತ್ತು ವರ್ಷ ಆದ ಮೇಲೆ ಸಿಕ್ಕವರು ಮತ್ತೆ ಸಿಗುವುದಿಲ್ಲ. ಬಟ್ಟೆಯ ಬುಟ್ಟಿಯನ್ನು ಹಿತ್ತಲಲ್ಲಿಟ್ಟು ನೇರ ಅಂಗಡಿಗೆ ಹೋದಳು. ಮೇಸ್ತ್ರಿ ಹಳೇ ತಕ್ಕಡಿಗಳ ನಡುವೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಬಿಚ್ಚಲು ಏನೂ ಇರಲಿಲ್ಲ.

"ರೀ, ಕಹಳೆಯವರನ್ನ ಒಂದು ಮಾತು ಕೇಳಿ."

"ಏನು?"

"ಮನೆಗೆ ಹೋಗ್ಬೇಕಾ ಅಂತ."

ಮೇಸ್ತ್ರಿ ಅವಳನ್ನು ನೋಡಿದರು. "ಅದನ್ನ ಕೇಳಲ್ಲ. ನಿನಗೆ ಗೊತ್ತಾಗಲ್ಲ."

"ಗೊತ್ತಾಯ್ತು. ಈಗ ತಾನೇ."

"ಕೇಳಿದ್ರೆ, ಹೊರಗೆ ಹಾಕ್ತಿದ್ದಾನೆ ಅಂದ್ಕೋತಾನೆ."

"ಹೊರಗೆ ಹಾಕೋದು ಅಂದ್ರೆ ಹೋಗು ಅನ್ನೋದು. ಕೇಳೋದು ಬೇರೆ. ನಿಮಗೆ ಆ ವ್ಯತ್ಯಾಸ ಗೊತ್ತಿಲ್ಲ, ಯಾಕಂದ್ರೆ ನೀವು ಯಾರನ್ನೂ ಕೇಳಿದವರೇ ಅಲ್ಲ. ಅಂಗಡಿ ಇಲ್ಲಿ ಹಾಕೋಣ್ವಾ ಅಂತ ಕೇಳಿದ್ರಾ? ಮಗನಿಗೆ ಈ ಕೆಲಸ ಬೇಕಾ ಅಂತ ಕೇಳಿದ್ರಾ? ನಾನು ಬಂದಾಗಿಂದ ನನ್ನ ಹತ್ರ ನೀವು ಏನು ಕೇಳಿದ್ದೀರಿ, ಉಪ್ಪು ಬಿಟ್ಟು?"

"ಎಲ್ಲಾ ಒಳ್ಳೇದಕ್ಕೇ ಮಾಡಿದೀನಲ್ಲ."

"ಮಾಡಿದೀರಿ. ಇಲ್ಲ ಅಂದ್ನಾ?"

ಮೇಸ್ತ್ರಿ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಉರುಳಿಸಿದರು. ಅದು ತುದಿಯವರೆಗೆ ಹೋಯಿತು. ಬೀಳುವ ಮುಂಚೆ ಹಿಡಿದರು.

"ಹೂಂ ಅಂದ್ರೆ?"

"ಹೋಗ್ತಾರೆ."

"ಹೋದ್ರೆ?"

ಆಗ ಅವಳಿಗೆ ಗಂಟು ಎಲ್ಲಿದೆ ಎಂದು ಕಂಡಿತು. ಎದುರಿನ ಸ್ಟೂಲಿನ ಮೇಲೆ ಕೂತಳು.

"ದಾರಿ ಅತ್ತ ಕಡೆಗಷ್ಟೇ ಇರುತ್ತಾ? ಅವರು ಬರೋಕೆ ಆಗುತ್ತೆ ಅಂದ್ರೆ ನಿಮಗೆ ಹೋಗೋಕೂ ಆಗುತ್ತೆ. ಡಾಕ್ಟರು ಓಡಾಡಿ ಅಂತ ಹೇಳಿ ಬಾಯಿ ನೋಯಿಸ್ಕೊಂಡ್ರು."

ಆ ಸಂಜೆ ಊಟದ ಹೊತ್ತಿಗೆ ನಡುಮನೆಯ ಮೂಲೆಯಲ್ಲಿ ಎರಡು ರಟ್ಟಿನ ಡಬ್ಬಗಳಿದ್ದವು. ಒಂದರಲ್ಲಿ ಸೊಸೆಯ ಪುಸ್ತಕ, ಒಂದರಲ್ಲಿ ಪಾತ್ರೆ. ಎಲ್ಲರೂ ನೀಲಿ ಮಂಚದ ಸುತ್ತ ಸೇರಿದರು. ಕಹಳೆ ಅಂದು ಎಂದಿನಂತೆ ತಟ್ಟೆ ಬರಿದು ಮಾಡಲಿಲ್ಲ. ಡಬ್ಬಗಳನ್ನು ನೋಡುತ್ತ ಅನ್ನ ಕಲಸುತ್ತಿದ್ದರು. ಮೇಸ್ತ್ರಿ ಎರಡು ಸಲ ನೀರು ಕುಡಿದರು. ಮೂರನೆಯ ಸಲ ಲೋಟ ಎತ್ತಿದಾಗ ಅದು ಖಾಲಿಯಾಗಿತ್ತು.

"ಕಹಳೆ."

"ಹೇಳು ಲೀಡರ್."

"ಮನೆಗೆ ಹೋಗ್ಬೇಕೇನೋ?"

ಮಗ, ಸೊಸೆ ಮುಖ ಮುಖ ನೋಡಿಕೊಂಡರು. ಇಷ್ಟು ಸಾದಾ ಮಾತಿಗೆ ಇಬ್ಬರು ಮುದುಕರ ಕಣ್ಣು ಯಾಕೆ ಒದ್ದೆಯಾಗಬೇಕು ಎಂದು ಅವರಿಗೆ ತಿಳಿಯಲಿಲ್ಲ.

"ಹೂಂ," ಅಂದರು. "ಬಂದ ಮೂರನೇ ದಿನದಿಂದ."

"ಮೂರನೇ ದಿನ?" ಮೇಸ್ತ್ರಿ ಲೋಟ ಇಟ್ಟರು. "ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತೋ ನಿನಗೆ?"

"ನೀನು ಕೇಳ್ಲಿಲ್ಲ."

ಮೊದಲು ನಕ್ಕವಳು ಸೊಸೆ. ಬಾಯಿಯ ಅನ್ನ ನುಂಗಲಾರದೆ ಕೆಮ್ಮಿ, ಕೆಮ್ಮುತ್ತಲೇ ನಕ್ಕಳು. ಮಗ ಅವಳ ಬೆನ್ನು ತಟ್ಟುತ್ತ ತಾನೂ ಶುರು ಮಾಡಿದ. ಕಹಳೆ ಆಗ ಎಲ್ಲ ಹೇಳಿದರು: ಶಾಲೆ, ಸ್ಪರ್ಧೆ, ಕೋಣನಂತೆ ಊದುವ ಹುಡುಗ, ತರಕಾರಿ, ತೋಟದ ಬೂಟು. ಮೇಸ್ತ್ರಿ ಕೇಳುತ್ತ ಕೇಳುತ್ತ ತಲೆ ಅಲ್ಲಾಡಿಸಿದರು.

"ಮೊದಲ ದಿನವೇ ನಾನು ಕೇಳ್ಬೇಕಾಗಿತ್ತು," ಅಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. ಅವರು ಏನೋ ತೀರ್ಮಾನ ಹೇಳಲು ಬಾಯಿ ತೆರೆದದ್ದು ತೂಕದಕ್ಕನಿಗೆ ಕಂಡಿತು, ಮುಚ್ಚಿದ್ದೂ ಕಂಡಿತು. "ನಿನಗೆ... ಮೇಲಿನ ಕೋಣೆ ಬೇಕಾ?"

ಸೊಸೆ ಯೋಚಿಸಿದಳು. ಕೇಳಿದ್ದಾರೆ ಅಂದ ಮೇಲೆ ನಿಜ ಹೇಳಬೇಕಲ್ಲ.

"ನಿಜ ಹೇಳ್ಲಾ ಮಾವ? ಬೇಡ."

"ಬೇಡ್ವಾ?"

"ಮಂಡಿ ನೋವಿನವರು ಆ ಕಬ್ಬಿಣದ ಮೆಟ್ಟಿಲು ಹತ್ತಿ ಬಂದ್ರೆ, ಅವರಿಗೆ ಚಿಕಿತ್ಸೇನೇ ಬೇಕಾಗಲ್ಲ. ನೀವು ಕೊಡ್ತೀನಿ ಅಂದ್ರಿ. ದೊಡ್ಡವರು ಕೊಟ್ಟದ್ದನ್ನ ಬೇಡ ಅನ್ನೋದು ಹೇಗೆ ಅಂತ ಸುಮ್ಮನಾದೆ."

"ಹಾಗಾದ್ರೆ ಏನು ಬೇಕು?"

"ಅಂಗಡಿಯ ಬೀದಿ ಕಡೆ ಅರ್ಧ," ಅಂದಳು ಸೊಸೆ, ಒಂದೇ ಉಸಿರಿಗೆ. "ಆ ಹಳೇ ತಕ್ಕಡಿ ಇಟ್ಟಿದ್ದೀರಲ್ಲ, ಅದು."

ಅದು ಮೇಸ್ತ್ರಿಯ ಜಾಗ. ಅವರು ಗೋಡೆಯ ಕಡೆ ನೋಡಿದರು; ಗೋಡೆಯಾಚೆ ಅವರ ತಕ್ಕಡಿಗಳು.

"ನನ್ನ ಸಾಮಾನು?"

"ಮೇಲಿನ ಕೋಣೇಲಿ ಬೆಳಕು ಚೆನ್ನಾಗಿದೆ ಲೀಡರ್," ಅಂದರು ಕಹಳೆ. "ಹೊರಡೋಕೆ ಮುಂಚೆ ಸಾಗಿಸಿ ಕೊಡ್ತೀನಿ. ಡೋಲಿಗಿಂತ ಹಗುರ."

"ನಾನೂ ಹಿಡೀತೀನಿ," ಅಂದ ಮಗ.

"ನೀವು ಹಿಡೀರಿ, ಇವರು ಕೂತು ನೋಡ್ಲಿ," ಅಂದಳು ತೂಕದಕ್ಕ. "ಎದೆ ಹೊಲಿಗೆ ಮತ್ತೆ ಬಿಚ್ಚೋದು ಬೇಡ."

ಎರಡು ದಿನ ತಕ್ಕಡಿಗಳು ಮೆಟ್ಟಿಲು ಹತ್ತಿದವು. ನೀಲಿ ಮಂಚ ಅಂಗಡಿಯ ಮುಂದಕ್ಕೆ ಹೋಯಿತು; ಊಟದ ಮೇಜು ತನ್ನ ಜಾಗಕ್ಕೆ ಬಂತು. ಮಗ ನಡುವೆ ಒಂದು ಹಲಗೆಯ ಗೋಡೆ ನಿಲ್ಲಿಸಿದ. ಸೊಸೆ ರಟ್ಟಿನ ಡಬ್ಬಗಳನ್ನು ಬಿಚ್ಚಿ, ಪಾತ್ರೆಗಳನ್ನು ಮೊದಲಿದ್ದ ಗೂಡಿನಲ್ಲೇ ಜೋಡಿಸಿದಳು. ಮೂರನೇ ದಿನ ಕಹಳೆ ಹೊರಟಾಗ ಮೇಸ್ತ್ರಿಯೂ ಒಂದು ಚೀಲ ಹಿಡಿದು ಹೊಸಿಲ ಮೇಲೆ ನಿಂತಿದ್ದರು.

"ಮಕ್ಕಳ ಸ್ಪರ್ಧೆ ನೋಡ್ಕೊಂಡು ಬರ್ತೀನಿ," ಅಂದರು. ಒಂದು ಹೆಜ್ಜೆ ಇಟ್ಟವರು ತಿರುಗಿದರು. "ಹೋಗಿ ಬರ್ಲಾ?"

"ಹೋಗಿ ಬನ್ನಿ. ಮಾತ್ರೆ ಪಕ್ಕದ ಜೇಬಲ್ಲಿದೆ. ಅಲ್ಲಿ ಲೀಡರ್ ನೀವಲ್ಲ, ಕಹಳೆಯವರು, ನೆನಪಿರ್ಲಿ."

ಒಂದನೇ ತಾರೀಖಿಗೆ ಸೊಸೆಯ ಹತ್ತಿರ ಇಬ್ಬರು ಬಂದರು: ಭುಜ ಎತ್ತಲಾಗದ ಬಡಗಿ, ಸೊಂಟ ಹಿಡಿದ ತರಕಾರಿಯವಳು. ನಾಲ್ಕನೇ ದಿನ ಐದು ಜನ. ಕಾಯುವವರು ಗಲ್ಲೆಯ ಪಕ್ಕದ ಬೆಂಚಿನ ಮೇಲೆ ಕೂತು, ಸುಮ್ಮನಿರಲಾರದೆ ತಕ್ಕಡಿಯ ಮೇಲೆ ನಿಂತು ತೂಕ ನೋಡಿಕೊಂಡು ಬೇಜಾರಾಗುತ್ತಿದ್ದರು. ಹಾಗೆ ಬೇಜಾರಾದವಳೊಬ್ಬಳನ್ನು ತೂಕದಕ್ಕ ಸಮಾಧಾನ ಮಾಡುತ್ತಿದ್ದಾಗ ಫೋನು ಬಡಿದುಕೊಂಡಿತು.

"ಇವನು ನನ್ನ ನಾಲ್ಕೂವರೆಗೆ ಎಬ್ಬಿಸ್ತಾನೆ," ಅಂದರು ಮೇಸ್ತ್ರಿ ಆ ಕಡೆಯಿಂದ. "ಸೌತೆ ಪಾತಿಗೆ ನೀರು ಹಾಕಿಸ್ತಾನೆ. ನನಗೆ ದೊಡ್ಡ ಡೋಲು ಕೊಟ್ಟಿದ್ದಾನೆ, ಮಕ್ಕಳಿಗೆ ತಾಳ ಹಿಡೀಬೇಕಂತೆ. ತಪ್ಪಿದ್ರೆ ಅವು ನಗ್ತವೆ."

"ಎದೆ ಹೇಗಿದೆ?"

"ಎದೆಗೇನು, ಚೆನ್ನಾಗಿದೆ. ಸೊಸೆಗೆ ಜನ ಬರ್ತಿದ್ದಾರಾ?"

"ಬೆಂಚು ಸಾಲ್ತಿಲ್ಲ. ನಿಮಗೆ ಅಲ್ಲಿ ಸಾಕಾಯ್ತಾ? ಮನೆಗೆ ಬರ್ಬೇಕಾ?"

ಆ ಕಡೆ ದೂರದಲ್ಲಿ ಕಹಳೆಗಳು ಒಂದರ ಮೇಲೊಂದು ಬಿದ್ದು ಏಳುತ್ತಿದ್ದವು. ಯಾರೋ ಮತ್ತೆ ಎರಡನೇ ಸಾಲಿನ ನಡುವೆ ಉಸಿರು ತೆಗೆದುಕೊಂಡಿದ್ದರು. ಅವಳು ಅವಸರ ಮಾಡಲಿಲ್ಲ.

"ನಾಳಿದ್ದು ಸ್ಪರ್ಧೆ," ಅಂದರು ಮೇಸ್ತ್ರಿ. "ಅದು ಮುಗಿದ ಮೇಲೆ ಇನ್ನೊಂದು ಸಲ ಕೇಳು."